ಮೇಲ್‌ಗೆ ಸಹಿ ಮತ್ತು ಬೀಗ: ಎಸ್/ಮೈಮಾ, ಡಿಎಸ್‌ಸಿ ಟೋಕನ್ನಾ, ಓಪನ್‌ಪಿಜಿಪಿನಾ?

ಆಧಾರ್, ಪ್ಯಾನ್, ಮನೆ ಪತ್ರದ ಸ್ಕ್ಯಾನ್ ಎಲ್ಲಾ ನಾವು ಮೇಲ್‌ನಲ್ಲಿ ಹಾಗೇ ಕಳಿಸಿಬಿಡ್ತೀವಿ, ನಂಗದು ತುಂಬಾ ದಿನದಿಂದ ಕೊರೀತಿತ್ತು. ಹಾಗಾಗಿ ಥಂಡರ್‌ಬರ್ಡ್ ಅನ್ನೋ ಮೇಲ್ ಸಾಫ್ಟ್‌ವೇರ್‌ನಲ್ಲಿ ಮೇಲ್‌ಗೆ ಸಹಿ (ಕಳಿಸಿದ್ದು ನಾವೇ ಅಂತ ತೋರ್ಸೋದು) ಮತ್ತು ಬೀಗ (ಬೇರೆಯವ್ರು ಓದದ ಹಾಗೆ ಎನ್‌ಕ್ರಿಪ್ಟ್ ಮಾಡೋದು) ಹಾಕೋ ಮೂರು ದಾರೀನೂ ಹಾಕ್ಕೊಂಡು ನೋಡ್ದೆ.

ಮೊದಲು ಎಸ್/ಮೈಮ್, ಅಂದ್ರೆ ಸರ್ಟಿಫಿಕೇಟ್ ಇಟ್ಕೊಂಡು ಸಹಿ, ಬೀಗ ಹಾಕೋ ಪದ್ಧತಿ. ಇದಕ್ಕೆ ಒಂದು ಸಿಎ (ಸರ್ಟಿಫಿಕೇಟ್ ಕೊಡೋ ಸಂಸ್ಥೆ, ಸರ್ಟಿಫೈಯಿಂಗ್ ಅಥಾರಿಟಿ) ಕೊಡೋ ಸರ್ಟಿಫಿಕೇಟ್ ಬೇಕು, ಉಚಿತದ್ದೂ ಸಿಗತ್ತೆ, ಆ ಮೇಲ್‌ಬಾಕ್ಸ್ ನಿಮ್ಮದೇನಾ ಅಂತ ಮಾತ್ರ ಚೆಕ್ ಮಾಡ್ತಾರೆ. ಸಿಕ್ಕಿದ ಪಿ12 ಫೈಲನ್ನ ಇಂಪೋರ್ಟ್ ಮಾಡಿ ಪಾಸ್‌ವರ್ಡ್ ಕೊಟ್ರೆ ಮುಗೀತು. ಇದರ ದೊಡ್ಡ ಲಾಭ ಏನಂದ್ರೆ ಔಟ್‌ಲುಕ್‌ನಲ್ಲೋ ಐಫೋನಿನ ಮೇಲ್ ಆಪ್‌ನಲ್ಲೋ ಓದೋರು ಸಹಿ ಸರಿಯಾಗಿದೆಯಾ ನೋಡಕ್ಕೆ ಹೊಸದಾಗಿ ಏನೂ ಹಾಕ್ಕೋಬೇಕಿಲ್ಲ, ಮತ್ತೆ ಸಹಿ ಹಾಕಿದ ಮೇಲ್ ಜೊತೆಗೇ ನಿಮ್ಮ ಸರ್ಟಿಫಿಕೇಟೂ ಹೋಗೋದ್ರಿಂದ, ಅವ್ರ ಹತ್ರಾನೂ ಒಂದು ಸರ್ಟಿಫಿಕೇಟ್ ಇದ್ರೆ ಎನ್‌ಕ್ರಿಪ್ಟ್ ಮಾಡಿ ಉತ್ತರ ಬರೀಬಹುದು. ನಂಗೆ ಹಿಡಿಸದೇ ಇದ್ದಿದ್ದು ಒಂದೇ: ಕೆಲವು ಉಚಿತ ಸಿಎಗಳು ಪ್ರೈವೇಟ್ ಕೀನ (ಸಹಿ ಹಾಕಕ್ಕೆ, ಬೀಗ ತೆಗಿಯಕ್ಕೆ ಬೇಕಾದ ನಮ್ಮ ಗುಟ್ಟಿನ ಕೀ) ತಮ್ಮ ಸರ್ವರ್‌ನಲ್ಲೇ ತಯಾರಿಸಿ ಕಳಿಸ್ತಾರೆ. ಸಹಿಗೆ ಓಕೆ ಅನ್ಬಹುದು, ಗುಟ್ಟಿನ ಮೇಲ್‌ಗೆ ನಾನಂತೂ ಒಪ್ಪಲ್ಲ, ನನ್ನ ಕೀ ನನ್ನ ಮಷೀನಲ್ಲೇ ಹುಟ್ಟಬೇಕು.

ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಸರ್ಟಿಫಿಕೇಟ್ ಇರೋ ಯುಎಸ್‌ಬಿ ಸಾಧನ) ಜಿಎಸ್‌ಟಿಗೋ ಟೆಂಡರ್‌ಗೋ ಅಂತ ತಗೊಂಡಿರೋರು ಬಹಳ ಜನ, ಅದನ್ನೇ ಮೇಲ್‌ಗೂ ಬಳಸೋಣ ಅನ್ಸೋದು ಸಹಜ. 2000ದ ಐಟಿ ಕಾಯ್ದೆ ಪ್ರಕಾರ ಆ ಸಹಿಗೆ ಕಾನೂನಿನ ಬಲ ಇದೆ ನಿಜ, ಆದ್ರೆ ನಮ್ಮ ಸಿಸಿಎ ರೂಟ್ (ದೇಶದ ಸಿಎಗಳ ಮೇಲಿರೋ ಸರ್ಕಾರಿ ಕಚೇರಿಯ ಮೂಲ ಸರ್ಟಿಫಿಕೇಟ್) ಥಂಡರ್‌ಬರ್ಡ್ ನಂಬೋ ಪಟ್ಟಿಯಲ್ಲಿಲ್ಲ, ಅಂದ್ರೆ ಆ ಕಡೆಯವ್ರು ಥಂಡರ್‌ಬರ್ಡ್‌ನಲ್ಲಿ ತೆಗೆದ್ರೆ ಸಹಿ ನಂಬಕ್ಕಾಗಲ್ಲ ಅಂತ ತೋರಿಸತ್ತೆ. ಎನ್‌ಕ್ರಿಪ್ಶನ್‌ಗೆ ಬೇರೆ ಸರ್ಟಿಫಿಕೇಟ್ ಬೇಕು, ಇ-ಟೆಂಡರ್ ಹಾಕೋರು ಎರಡೂ ಸೇರಿದ ಕಾಂಬೋ ತಗೊಳ್ಳೋದು ಇದಕ್ಕೇ. ಪಿಡಿಎಫ್‌ಗೆ, ಪೋರ್ಟಲ್‌ಗೆ ಇಟ್ಕೊಳ್ಳಿ, ಮೇಲ್‌ಗೆ ಬೇಡ.

ಓಪನ್‌ಪಿಜಿಪಿ ಅಂದ್ರೆ ಸಿಎ ಇಲ್ಲದೇ ಸಹಿ, ಬೀಗ ಹಾಕೋ ಪದ್ಧತಿ. ಇದಕ್ಕೆ ಮೊದಲು ಎನಿಗ್‌ಮೇಲ್ ಆಡ್-ಆನ್ ಹಾಕಬೇಕಿತ್ತು, 2020ರ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್ ಒಳಗೇ ಇದೆ. ಕೀ ನಾವೇ ಮಾಡ್ಕೊಳ್ಳೋದು, ಅವಧಿ ಮುಗಿಯೋ ಹೊತ್ತಿಗೆ ನಾವೇ ಮುಂದಕ್ಕೆ ಹಾಕ್ಕೋಬಹುದು, ಯಾರನ್ನೂ ಕೇಳಬೇಕಾಗಿಲ್ಲ, ಸಬ್ಜೆಕ್ಟ್ ಲೈನ್ ಕೂಡ ಮುಚ್ಚತ್ತೆ. ಕಷ್ಟ ಇರೋದು ಎದುರಿನವ್ರ ಕಡೆ. ಐಫೋನಿನ ಮೇಲ್ ಆಪ್‌ಗೆ ಇದು ಗೊತ್ತೇ ಇಲ್ಲ, ಆಂಡ್ರಾಯ್ಡ್‌ನಲ್ಲಿ ಮೇಲ್ ಆಪ್ ಜೊತೆಗೆ ಓಪನ್‌ಕೀಚೈನ್ ಅನ್ನೋ ಆಪೂ ಹಾಕ್ಕೋಬೇಕು, ಆಮೇಲೆ ಅವ್ರು ಕಳಿಸಿದ ಪಬ್ಲಿಕ್ ಕೀ (ಬೀಗ ಹಾಕಕ್ಕೆ ಬೇರೆಯವ್ರಿಗೆ ಕೊಡೋ ಕೀ) ನಿಜವಾಗ್ಲೂ ಅವ್ರದ್ದೇನಾ ಅಂತ ನೋಡಕ್ಕೆ ಫೋನ್ ಮಾಡಿ ಆ ಕೀಯ ಗುರುತಾದ 40 ಅಕ್ಷರದ ಫಿಂಗರ್‌ಪ್ರಿಂಟ್ ಓದಿ ಹೊಂದಿಸ್ಬೇಕು. ಈ ಓದೋ ಕೆಲಸ ದಯವಿಟ್ಟು ಬಿಡ್ಬೇಡಿ, ನಡುವೆ ಯಾರಾದ್ರೂ ತಮ್ಮ ಕೀ ತೂರಿಸಿದ್ರೆ ಗೊತ್ತಾಗೋದೇ ಇದ್ರಿಂದ.

ಈಗ ನಾನು ಎರಡನ್ನ ಇಟ್ಕೊಂಡಿದೀನಿ. ಆಫೀಸು, ಬ್ಯಾಂಕು, ಆಡಿಟರ್ ಅಂತ ಹೋಗೋ ಮೇಲ್‌ಗೆಲ್ಲಾ ಎಸ್/ಮೈಮ್ ಸಹಿ, ಅಣ್ಣನ ಜೊತೆ ಆಸ್ತಿ ಕಾಗದ ಓಡಾಡೋದಕ್ಕೆ ಓಪನ್‌ಪಿಜಿಪಿ, ಅವನಿಗೆ ಹಾಕಿಕೊಟ್ಟಿದ್ದೂ ನಾನೇ. ಯಾವ್ದನ್ನೇ ಆರಿಸ್ಕೊಂಡ್ರೂ ಕೀ ಫೈಲ್‌ನ ಪಾಸ್‌ವರ್ಡ್ ಹಾಕಿ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೀರಿ, ಹಳೇ ಸರ್ಟಿಫಿಕೇಟ್ ಅವಧಿ ಮುಗಿದ್ರೂ ಅಳಿಸ್ಬೇಡಿ, ಅದರಲ್ಲಿ ಬೀಗ ಹಾಕಿ ಬಂದ ಹಳೇ ಮೇಲ್ ತೆಗಿಯಕ್ಕೆ ಅದೇ ಬೇಕು.