ಚೌಕಾಬಾರ ಹಾಸು, ನಾಲ್ಕು ಕವಡೆ, ಒಂದು ಅಳಗುಳಿ ಮನೆ: ಅಪಾರ್ಟ್‌ಮೆಂಟಿನಲ್ಲಿ ಆಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಚೌಕಾಬಾರ ಸೆಟ್ ತರಿಸಬೇಕು ಅಂತಿರುವವರು ಮರದ ಹಲಗೆಯದಕ್ಕೆ ದುಡ್ಡು ಹಾಕಬೇಡಿ, ಬಟ್ಟೆ ಹಾಸು ತಗೊಳ್ಳಿ. ಗಂಡ ಹೆಂಡತಿ ಇಬ್ಬರೇ ಮನೆಯಲ್ಲಿ ಕೂತು ಆಡುವುದಾದರೆ ಯಾವುದಾದರೂ ನಡೆಯುತ್ತದೆ. ಆದರೆ ಪಕ್ಕದ ಮನೆಯವರು, ಅವರ ಮಕ್ಕಳು, ಸುಮ್ನೆ ನೋಡೋಣ ಅಂತ ಬಂದು ಆಮೇಲೆ ಏಳದೇ ಕೂತವರು, ಇವರನ್ನೆಲ್ಲ ಸೇರಿಸಿಕೊಂಡು ಆಡುವ ಆಸೆ ಇದ್ದರೆ ಹಾಸಿನ ಅಳತೆಯೇ ಎಲ್ಲಕ್ಕಿಂತ ಮುಖ್ಯ.

ನಮ್ಮದು ಬೆಂಗಳೂರಿನ ಹೊರಗಿನ ಒಂದು ಅಪಾರ್ಟ್‌ಮೆಂಟ್. ಜನ ತುಂಬಿದ್ದಾರೆ, ಪರಿಚಯ ಮಾತ್ರ ಇಲ್ಲ. ನೀರಿನ ಟ್ಯಾಂಕರ್ ಬಗ್ಗೆ, ಪಾರ್ಕಿಂಗ್ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ವರ್ಷಗಟ್ಟಲೆ ಜಗಳ ಆಡಿದವರು ಲಿಫ್ಟಿನಲ್ಲಿ ಸಿಕ್ಕರೆ ಗುರುತು ಹಿಡಿಯುವುದಿಲ್ಲ, ಫ್ಲಾಟ್ ನಂಬರ್ ಹೇಳಿದ ಮೇಲೆ 'ಓ, ಅದು ನೀವಾ' ಅನ್ನುತ್ತಾರೆ. ಇದನ್ನು ಸರಿಮಾಡಲು ಕಮಿಟಿಯವರು ಒಂದು ಸಲ ಹೊರಗಿನಿಂದ ಯಾರನ್ನೋ ಕರೆಸಿ ಅರ್ಧ ದಿನದ ಕಾರ್ಯಕ್ರಮ ಮಾಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿದರು, ಬಲೂನು ಊದಿಸಿದರು, ಒಬ್ಬರ ಬಗ್ಗೆ ಒಬ್ಬರು ಒಳ್ಳೆಯ ಮಾತು ಹೇಳಿ ಅಂದರು. ಎಲ್ಲರೂ ಹೇಳಿದರು, ಫೋಟೋ ತೆಗೆಸಿಕೊಂಡರು, ಊಟ ಮಾಡಿ ಮನೆಗೆ ಹೋದರು. ಈಗ ಯಾರಿಗಾದರೂ ಅದರದ್ದು ನೆನಪಿದ್ದರೆ ಬಿಲ್ಲಿನ ಮೊತ್ತ ಮಾತ್ರ.

ಅದಕ್ಕಿಂತ ತುಂಬಾ ಕಡಿಮೆ ದುಡ್ಡಿಗೆ ಬಂದಿದ್ದು ಈ ಮೂರು ಸಾಮಾನು: ಮರದ ಚೌಕಾಬಾರ, ಬಟ್ಟೆಯ ಚೌಕಾಬಾರ, ಒಂದು ಅಳಗುಳಿ ಮನೆ. ಮೂರೂ ಬೇರೆ ಬೇರೆ ಕಡೆಯಿಂದ ತರಿಸಿದ್ದು. ಮಾರಿದವರ ಹೆಸರು ಹಾಕುತ್ತಿಲ್ಲ, ಒಂದಷ್ಟು ದೂರು ಇದೆ, ಎಲ್ಲವೂ ಸಣ್ಣ ಅಂಗಡಿಗಳು ಬೇರೆ.

ಮರದ್ದು ನೋಡಲು ಏನೋ ಚೆಂದ. ಒಂದಡಿ ಚೌಕದ ಹಲಗೆ, ಅಂಚಿಗೆ ಹೂಬಳ್ಳಿ, ಹೊಳೆಯುವ ಪಾಲಿಶ್. ಕಾಯಿಗಳು ಚನ್ನಪಟ್ಟಣದ ಕೆಲಸ, ಆಲೆಮರ ಕಡೆದು ಅರಗಿನ ಬಣ್ಣ ಏರಿಸಿದ್ದು, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗದಷ್ಟು ನುಣುಪು. ಆದರೆ ಒಂದಡಿ ಹಲಗೆಯ ಸುತ್ತ ನಾಲ್ಕು ಜನ ಕೂತರೆ ಮಂಡಿಗೆ ಮಂಡಿ ತಾಗುತ್ತದೆ. ಅಷ್ಟು ಹತ್ತಿರ ಅಪರಿಚಿತರು ಕೂರುವುದಿಲ್ಲ. ಹಿಂದೆ ನಿಂತವರಿಗೆ ಏನೂ ಕಾಣದೆ ಅವರು ಮೊಬೈಲ್ ತೆಗೆಯುತ್ತಾರೆ. ಕವಡೆ ಪ್ಲಾಸ್ಟಿಕ್ಕಿನದು, ಹಗುರ, ಎಸೆದರೆ ಹಾರಿ ಸೋಫಾ ಕೆಳಗೆ ಹೋಗುತ್ತದೆ. ಜೊತೆಗೆ ಬಂದ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿ, ಅದರಲ್ಲಿ ಆಟದ ಜೀವವೇ ಆಗಿರುವ ನಿಯಮವೊಂದು ಬಿಟ್ಟುಹೋಗಿತ್ತು.

ಆ ನಿಯಮ ಯಾವುದು ಅಂದರೆ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ನೀವು ಒಳಗಿನ ಸುತ್ತಿಗೆ ಹೋಗುವಂತಿಲ್ಲ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಐದಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಬದಿಯ ನಡುಮನೆಗಳಿಗೆ ಕಾಟು ಹಾಕಿರುತ್ತಾರೆ, ಅವು ಕಟ್ಟೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಎಸೆದಾಗ ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು ಮನೆ ನಡೆ. ನಾಲ್ಕೂ ಬೋರಲಾದರೆ ಬಾರಾ, ಎಂಟು ಮನೆ. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಗರ ನಿಮ್ಮದೇ. ಹೊರಸುತ್ತು ಮುಗಿಸಿ, ಒಳಸುತ್ತು ಮುಗಿಸಿ, ನಡುವಿನ ಮನೆಗೆ ಬಂದರೆ ಕಾಯಿ ಹಣ್ಣಾಯಿತು. ಇಷ್ಟೇ. ಆದರೆ ಆ ಹೊಡೆಯುವ ನಿಯಮ ಇರುವುದರಿಂದ ಯಾರೂ ತಮ್ಮ ಪಾಡಿಗೆ ತಾವು ಸುತ್ತು ಹಾಕಿಕೊಂಡು ಗೆಲ್ಲಲು ಆಗುವುದಿಲ್ಲ. ಎದುರಿನವರ ದಾರಿಗೆ ಹೋಗಲೇಬೇಕು, ಅವರ ಕಾಯಿ ಎಲ್ಲಿದೆ ಅಂತ ನೋಡಲೇಬೇಕು, ಹೊಡೆದ ಮೇಲೆ ಅವರ ಮುಖವನ್ನೂ ನೋಡಬೇಕು. ಚೀಟಿ ಬರೆದವರು ಇದನ್ನೇ ಬಿಟ್ಟರೆ ಉಳಿಯುವುದೇನು?

ಬಟ್ಟೆ ಹಾಸು ಬಂದ ಮೇಲೆ ಕಥೆಯೇ ಬೇರೆಯಾಯಿತು. ಸುಮಾರು ಒಂದು ಮೀಟರ್ ಚೌಕ, ದಪ್ಪ ಹತ್ತಿ ಬಟ್ಟೆ, ಕಾಟು ಹಾಕಿದ ಮನೆಗಳಿಗೆ ಕೈಯಲ್ಲಿ ಹೊಲಿದ ಎಳೆ. ಕ್ಲಬ್ ಹೌಸಿನ ನೆಲದ ಮೇಲೆ ಹರಡಿದರೆ ಆಡುವವರು ನಾಲ್ಕು ಜನ ಆರಾಮಾಗಿ ಕೂರಬಹುದು, ಅವರ ಹೆಗಲ ಹಿಂದೆ ಇನ್ನೊಂದಷ್ಟು ಜನ. ಈ ಹಿಂದೆ ಕೂರುವವರೇ ನಿಜವಾದ ಆಟಗಾರರು, ನೆನಪಿಡಿ. 'ಅದನ್ನ ನಡೆಸಬೇಡಿ, ಇದನ್ನ ಕಟ್ಟೆಗೆ ಹಾಕಿ' ಅಂತ ಕೂಗುವುದು ಅವರು. ಕವಡೆ ನಿಜವಾದದ್ದು, ಭಾರ ಇದೆ, ಎಸೆದರೆ ಒಳ್ಳೆಯ ಸದ್ದು. ದೂರು ಎರಡು: ನುಣುಪು ಟೈಲ್ಸ್ ಮೇಲೆ ಹಾಸು ಜಾರುತ್ತದೆ, ಕೆಳಗೆ ಜಮಖಾನ ಹಾಕಿಕೊಳ್ಳಿ. ಕೆಂಪು ಬಣ್ಣ ಒಗೆದಾಗ ಬಿಟ್ಟು ಪಕ್ಕದ ಮನೆಗಳೆಲ್ಲ ಗುಲಾಬಿಯಾದವು. ಮೊದಲ ಸಲ ಬೇರೆಯಾಗಿ ನೆನೆಸಿ ನೋಡಿ.

ಇನ್ನು ಜಗಳದ ವಿಷಯಕ್ಕೆ ಬರೋಣ. ಮೊದಲ ಭಾನುವಾರವೇ ಶುರು. ನಂಜನಗೂಡು ಕಡೆಯ ಅಜ್ಜಿಯೊಬ್ಬರು ಒಂದೇ ಮನೆಯಲ್ಲಿ ಒಬ್ಬರದೇ ಎರಡು ಕಾಯಿ ಕೂತರೆ ಅದು ಜೋಡಿ, ಒಂಟಿ ಕಾಯಿ ಅದನ್ನು ಹೊಡೆಯುವಂತಿಲ್ಲ ಅಂದರು. ಹುಬ್ಬಳ್ಳಿಯವರು 'ಹಂಗೇನಿಲ್ಲರೀ' ಅಂದರು. ಅನಂತಪುರದಿಂದ ಬಂದ ಮನೆಯವರು ಇದು ನಮ್ಮ ಅಷ್ಟಾ ಚಮ್ಮಾ ಅಲ್ವಾ ಅಂತ ಹತ್ತಿರ ಬಂದು, ಮೂರು ಸಲ ಸತತವಾಗಿ ದೊಡ್ಡ ಗರ ಬಿದ್ದರೆ ಎಲ್ಲವೂ ಸುಟ್ಟುಹೋಗಬೇಕು ಅಂತ ಇನ್ನೊಂದು ಕಾನೂನು ತೆಗೆದರು. ಮೊದಲ ಕಾಯಿ ಇಳಿಸಲು ಚೌಕವೇ ಬೀಳಬೇಕಾ, ಇಲ್ಲ ಯಾವ ಗರಕ್ಕಾದರೂ ನಡೆಯುತ್ತದಾ? ಆಟ ನಿಂತೇ ಹೋಯಿತು, ವಾದ ನಡೆಯಿತು. ಯಾರಿಗೂ ಬೇಸರ ಇಲ್ಲ. ಪಾರ್ಕಿಂಗ್ ಜಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಇಲ್ಲಿ ತಮ್ಮ ಊರು, ತಮ್ಮ ಅಜ್ಜಿ, ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಮನೆ, ಕಾಯಿಗೆ ಬಳಸುತ್ತಿದ್ದ ಒಡೆದ ಬಳೆಚೂರು, ಇದನ್ನೆಲ್ಲ ಸಾಕ್ಷಿಗೆ ತರುತ್ತಿದ್ದರು. ಕೊನೆಗೆ ಮಕ್ಕಳೇ ಒಂದು ದಪ್ಪ ಹಾಳೆಯಲ್ಲಿ ನಮ್ಮ ಕಟ್ಟಡದ ನಿಯಮ ಅಂತ ಬರೆದು ಗೋಡೆಗೆ ಅಂಟಿಸಿದರು. ಜೋಡಿ ನಿಯಮ ಗೆದ್ದಿತು, ಸುಡುವ ನಿಯಮವೂ ಉಳಿಯಿತು. ಹುಬ್ಬಳ್ಳಿಯವರು ಇವತ್ತಿಗೂ ಒಪ್ಪಿಲ್ಲ, ಆದರೆ ಪ್ರತಿ ಸಲ ಬರುತ್ತಾರೆ.

ಮಾರುವವರು ಪೆಟ್ಟಿಗೆ ಮೇಲೆ 'ಮಕ್ಕಳ ಬುದ್ಧಿ ಬೆಳೆಯುತ್ತದೆ' ಅಂತ ಬರೆದಿರುತ್ತಾರೆ. ನಾನು ಅಂಥದ್ದನ್ನು ನಂಬುವವನಲ್ಲ. ಆದರೂ ಒಂದು ಹೇಳಬೇಕು. ಎಂಟನೇ ಕ್ಲಾಸಿನ ಹುಡುಗನೊಬ್ಬ, ಯಾರ ಹತ್ತಿರವೂ ಮಾತಾಡದವನು, ಕವಡೆ ಬೀಳುವುದನ್ನೇ ನೋಡುತ್ತಾ ಪುಸ್ತಕದಲ್ಲಿ ಗೀಟು ಹಾಕಿಕೊಳ್ಳುತ್ತಿದ್ದ. ನಾಲ್ಕು ಕವಡೆ, ಒಂದೊಂದಕ್ಕೆ ಎರಡು ಬದಿ, ಒಟ್ಟು 16 ರೀತಿ ಬೀಳಬಹುದು. ಎರಡೂ ಬದಿ ಸಮ ಅಂದುಕೊಂಡರೆ ಅದರಲ್ಲಿ ಚೌಕಕ್ಕೆ ಒಂದೇ ದಾರಿ, ಬಾರಾಕ್ಕೂ ಒಂದೇ ದಾರಿ, ಎರಡಕ್ಕೆ ಮಾತ್ರ ಆರು. ಆದರೆ ನಿಜವಾದ ಕವಡೆ ಸಮ ಬೀಳುವುದಿಲ್ಲ, ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಇದನ್ನು ಅವನು ತೋರಿಸಿಕೊಟ್ಟ ಮೇಲೆ ಅಜ್ಜಿ ಹುಣಸೆ ಬೀಜ ತಂದರು. ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದರೆ ಅದೇ ಕವಡೆ, ಹಳ್ಳಿಯಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಈಗ ಆ ಹುಡುಗ ಮತ್ತು ಅಜ್ಜಿ ಒಂದು ಜೋಡಿ, ಎದುರು ಕೂರಲು ದೊಡ್ಡವರೇ ಹಿಂಜರಿಯುತ್ತಾರೆ. ಸೋಲು ತಡೆಯಲಾಗದೆ ಎದ್ದು ಹೋಗುತ್ತಿದ್ದವರು ಮಕ್ಕಳಲ್ಲ, ಆಫೀಸಿನಲ್ಲಿ ನೂರಾರು ಜನರನ್ನು ಆಳುವ ಒಬ್ಬ ಯಜಮಾನರು. ಹಣ್ಣಾಗಲು ಒಂದೇ ಮನೆ ಇರುವಾಗ ಕಾಯಿ ಹೊಡೆಸಿಕೊಂಡು ಮತ್ತೆ ಮೊದಲಿಂದ ಹೊರಡುವುದು ಅವರಿಗೆ ಸುಲಭವಾಗಿ ಬರಲಿಲ್ಲ. ಈಗ ಸ್ವಲ್ಪ ವಾಸಿ.

ಅಳಗುಳಿ ಮನೆ ಬೇರೆ ಜಾತಿಯ ಆಟ. ಎರಡು ಸಾಲು, ಸಾಲಿಗೆ ಏಳು ಗುಳಿ, ಇಬ್ಬರೇ ಆಡುವುದು. ಗುಂಪಿಗೆ ಇದು ಸಾಲದು. ಆದರೆ ಎಲ್ಲರ ಗದ್ದಲ ಸೇರದ ಇಬ್ಬರು ಮೂಲೆಯಲ್ಲಿ ಕೂತು ಗಂಟೆಗಟ್ಟಲೆ ಆಡುತ್ತಾರೆ, ಮಾತೂ ಬೇಕಾಗಿಲ್ಲ, ಬೀಜ ಸುರಿಯುವ ಸದ್ದು ಸಾಕು. ನಮಗೆ ಬಂದಿದ್ದು ಮಡಚುವ ಮರದ್ದು, ಹಿಂಜ್ ಸಡಿಲ, ಗುಳಿ ಆಳ ಕಡಿಮೆ. ಬೀಜದ ಬದಲು ಗಾಜಿನ ಮಣಿ ಕೊಟ್ಟಿದ್ದರು, ಉರುಳಿ ಹೋಗುತ್ತವೆ. ಮನೆಯಲ್ಲಿ ಹುಣಸೆ ಬೀಜ ಇದ್ದರೆ ಅದೇ ಸಾಕು. ಒಂದು ಎಚ್ಚರಿಕೆ ಮಾತ್ರ: ಕೆಂಪು-ಕಪ್ಪು ಗುಲಗಂಜಿ ಚೆಂದ ಅಂತ ಹಾಕಬೇಡಿ. ಅದನ್ನು ಕಚ್ಚಿ ಅಗಿದರೆ ಪಕ್ಕಾ ವಿಷ. ಸಣ್ಣ ಮಕ್ಕಳಿರುವ ಕಡೆ ಬೇಡವೇ ಬೇಡ.

ಪುತ್ತೂರಿನವರೊಬ್ಬರು ಇದನ್ನು ನೋಡಿ 'ನಮ್ಮ ಚೆನ್ನೆಮಣೆ' ಅಂತ ಕೂತವರು ಏಳಲಿಲ್ಲ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗೆ ಮನೆಯೊಳಗೆ ಕೂತು ಆಡುವ ಆಟ ಅದು. ಸಿರಿ ಪಾಡ್ದನ ಅನ್ನುವ ತುಳು ಹಾಡುಗಥೆಯಲ್ಲಿ ಅಬ್ಬಗ, ದಾರಗ ಅಂತ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳಕ್ಕೆ ಬಿದ್ದು ಪ್ರಾಣ ಕಳೆದುಕೊಳ್ಳುವ ಕಥೆ ಬರುತ್ತದಲ್ಲ, ಅದನ್ನು ಅವರು ಆಡುತ್ತಲೇ ಹೇಳಿದರು. ನಡುನಡುವೆ ಪಾಡ್ದನದ ಧಾಟಿಯಲ್ಲಿ ಎರಡು ಸಾಲು ಹಾಡಿದರು ಕೂಡ. ಚೌಕಾಬಾರದ ಗದ್ದಲ ನಿಂತಿದ್ದು ಆ ಹೊತ್ತಿನಲ್ಲಿ ಮಾತ್ರ. ಮುಂದಿನ ವಾರ ಅದೇ ಕಥೆ ಮತ್ತೆ ಬೇಕು ಅಂತ ಮಕ್ಕಳು ಹಟ ಹಿಡಿದರು. ಇಂಥದ್ದಕ್ಕೆ ಸ್ಟಾರ್ ಕೊಡುವುದು ಹೇಗೆ? ಹಿಂಜ್ ಸಡಿಲ ಇದ್ದರೂ ನಾನು ಪೂರ್ತಿ ಕೊಟ್ಟೆ.

ಈಗ ಮಕ್ಕಳು ತಮ್ಮದೇ ಹಾಸು ಮಾಡುತ್ತಿದ್ದಾರೆ. ಹಳೆಯ ಬೆಡ್‌ಶೀಟ್, ಬಟ್ಟೆಗೆ ಹಚ್ಚುವ ಬಣ್ಣ. ಕಟ್ಟೆಯ ಮನೆಗಳಲ್ಲಿ ಒಬ್ಬಳು ಕಟ್ಟಡದ ನಾಲ್ಕು ಗೇಟು ಬರೆದಿದ್ದಾಳೆ, ನಡುಮನೆಯಲ್ಲಿ ನೀರಿನ ಟ್ಯಾಂಕರ್! ಮನೆ ಸೇರುವುದು ಅಂದರೆ ಟ್ಯಾಂಕರ್ ಸೇರುವುದು. ಇವರಿಗೆ ತೋರಿಸಲು ಮೈಸೂರಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹಲಗೆ ಆಟಗಳ ಹುಚ್ಚು ಎಷ್ಟಿತ್ತು ಎಂದರೆ ತಾವೇ ಹೊಸ ಆಟಗಳನ್ನು ಕಟ್ಟಿದ್ದರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಆಟಗಳ ಚಿತ್ರ ಇವೆ. ಮೃಗಾಲಯದ ಎದುರು ರಾಮ್ಸನ್ಸ್ ಕಲಾ ಪ್ರತಿಷ್ಠಾನದವರ ಪ್ರತಿಮಾ ಗ್ಯಾಲರಿ ಇದೆ. ಅವರು 'ಕ್ರೀಡಾಕೌಶಲ್ಯ' ಎಂಬ ಹೆಸರಿನಲ್ಲಿ ನಮ್ಮ ಹಳೆಯ ಆಟಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ. ಬೇರೆ ಬೇರೆ ಕುಶಲಕರ್ಮಿಗಳು ಮಾಡಿದ ಪಗಡೆ, ಚೌಕಾಬಾರ, ಆಡುಹುಲಿ ಹಾಸು ಅಲ್ಲಿ ಇರುತ್ತವೆ. ಪ್ರದರ್ಶನ ಯಾವಾಗ ಅಂತ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಹಂಪಿಗೆ ಹೋದವರು ಮಂಟಪಗಳ ಕಲ್ಲುಹಾಸಿನ ಮೇಲೆ ಬಗ್ಗಿ ನೋಡಿ, ಯಾರೋ ಕೊರೆದಿಟ್ಟ ಆಟದ ಗೆರೆ ಸಿಗುತ್ತವೆ. ದುಬಾರಿ ಹಲಗೆ ಇಲ್ಲದೆಯೂ ಆಡಿದ್ದಾರೆ ಅಂತ ಆಯಿತು.

'ಲೂಡೋ ಇದೆಯಲ್ಲ, ಮೊಬೈಲಿನಲ್ಲೇ ಇದೆ' ಅನ್ನುವವರು ನಮ್ಮಲ್ಲೂ ಇದ್ದರು. ಲೂಡೋ ನಮ್ಮ ಪಗಡೆಯನ್ನೇ ಸರಳ ಮಾಡಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಮಾಡಿಸಿದ್ದು. ಕೆಟ್ಟ ಆಟವೇನಲ್ಲ. ಆದರೆ ಫೋನಿನ ಲೂಡೋದಲ್ಲಿ ನಿಯಮ ಮೊದಲೇ ಗಟ್ಟಿ ಆಗಿರುತ್ತದೆ, ವಾದ ಮಾಡಲು ಏನೂ ಉಳಿದಿಲ್ಲ. ನಮಗೆ ಬೇಕಾಗಿದ್ದೇ ಆ ವಾದ.

ಕೊಳ್ಳುವವರಿಗೆ ಕೊನೆಯ ಮಾತು. ಬಟ್ಟೆ ಹಾಸು ಕನಿಷ್ಠ ಮುಕ್ಕಾಲು ಮೀಟರ್ ಇರಲಿ, ಕವಡೆ ನಿಜವಾದದ್ದಾ ಅಂತ ಕೇಳಿ, ಒಂದೆರಡು ಹೆಚ್ಚಿಗೆ ತಗೊಳ್ಳಿ, ಕಳೆದೇ ಹೋಗುತ್ತವೆ. ಕಾಯಿಗೆ ಬೇಕಾದರೆ ಚನ್ನಪಟ್ಟಣದ್ದನ್ನು ಬಿಡಿಯಾಗಿ ತನ್ನಿ. ನೆಲದಲ್ಲಿ ಕೂರಲಾಗದ ಹಿರಿಯರಿಗೆ ಗಿಡ್ಡ ಸ್ಟೂಲು, ಅವರ ಕಾಯಿ ನಡೆಸಿಕೊಡಲು ಪಕ್ಕದಲ್ಲಿ ಒಂದು ಮಗು ಇದ್ದರೆ ಆಯಿತು. ಮುಂದಿನ ಶಿವರಾತ್ರಿ ಜಾಗರಣೆಗೆ ನಮಗೆ ಏಳು ಮನೆಯ ದೊಡ್ಡ ಹಾಸು ಬೇಕಾಗಿದೆ, ಕವಡೆ ಆರು. ಬಣ್ಣ ಬಿಡದ ಬಟ್ಟೆಯಲ್ಲಿ ಯಾರಾದರೂ ಹೊಲಿದು ಕೊಡುವವರಿದ್ದರೆ ಹೇಳಿ. ಹಾಗೇ, ನಿಮ್ಮ ಕಡೆ ಜೋಡಿಯನ್ನು ಒಂಟಿ ಕಾಯಿ ಹೊಡೆಯಬಹುದಾ? ಹುಬ್ಬಳ್ಳಿಯವರು ಕೇಳುತ್ತಿದ್ದಾರೆ.