ಹಳೇ ಲ್ಯಾಪ್‌ಟಾಪ್‌ನಲ್ಲಿ ಝುಬುಂಟು 24.04: ಎಲ್ಲಾ ಸರಿ, ಆದರೆ ಆ ವಾಲ್ಯೂಮ್ ಕೀ!

ನಮ್ಮ ಮನೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕೋಕೆ ಆಗಲ್ಲ. ಪ್ರೊಸೆಸರ್ ಹಳೆಯದು, ರ್‍ಯಾಮ್ ಇರುವುದು 4 ಜಿಬಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೆ ಮೊದಲೇ ಝುಬುಂಟು 24.04 (ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆ) ಹಾಕಿಕೊಂಡಿದ್ದೆ. ಹಗಲು ನನ್ನ ಕೆಲಸ, ಸಂಜೆ ಅಪ್ಪನ ಯಕ್ಷಗಾನದ ವಿಡಿಯೊ. ಎರಡೂ ಇದರಲ್ಲೇ.

ಒಳ್ಳೆಯದನ್ನು ಬೇಗ ಹೇಳಿಬಿಡುತ್ತೇನೆ. ಎಕ್ಸ್‌ಎಫ್‌ಸಿಇ ಅನ್ನುವ ಇದರ ಡೆಸ್ಕ್‌ಟಾಪ್ ಹಗುರ, ಹಳೇ ಯಂತ್ರವೂ ತಿಣುಕಾಡುವುದಿಲ್ಲ. ಬ್ರೌಸರ್‌ನಲ್ಲಿ ಟ್ಯಾಬ್ ಜಾಸ್ತಿ ಆದರೆ ಮಾತ್ರ ಏದುಸಿರು. ಟೈಪಿಂಗ್ ಭಾಷೆ ಬದಲಿಸುವ ಐಬಸ್‌ನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸೇರಿಸಿಕೊಂಡೆ, ಕನ್ನಡ ಟೈಪಿಂಗ್‌ಗೆ ತೊಂದರೆಯಿಲ್ಲ. ಅಪ್‌ಡೇಟ್ ಯಾವಾಗ ಮಾಡಬೇಕು ಅನ್ನೋದು ನಮ್ಮ ಕೈಯಲ್ಲೇ ಇದೆ.

ಈಗ ತಲೆ ತಿಂದ ವಿಷಯಕ್ಕೆ ಬರೋಣ.

ಒಂದು ಸಂಜೆ ಅಪ್ಪ ಒಳಗಿನಿಂದ ಕೂಗಿದರು: "ಸೌಂಡ್ ಕಮ್ಮಿನೇ ಆಗ್ತಿಲ್ಲ ಕಣೋ, ಚೆಂಡೆ ಪಕ್ಕದ ಮನೆವರೆಗೂ ಕೇಳ್ತಿದೆ." ಹೆಚ್ಚಿಸುವ ಕೀ, ಇಳಿಸುವ ಕೀ, ಮ್ಯೂಟ್ ಮೂರೂ ಸುಮ್ನೆ ಕೂತಿದ್ದವು. ಎಸ್‌ಪಿ ರಸ್ತೆಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನವರು ಎರಡು ಸಲ ಒತ್ತಿ ನೋಡಿ, "ಕೀಬೋರ್ಡ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು" ಅಂದರು. ಅದೇ ಸಾಲಿನ ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿದೆ, ಹಾಡು ಕೇಳುವ ಮೂರೇ ಕೀ ಒಟ್ಟಿಗೆ ಸಾಯುತ್ತವಾ? ನಂಬಿಕೆ ಬರಲಿಲ್ಲ. ವಾಪಸ್ ತಂದೆ.

ಮೊದಲು ಎಫ್‌ಎನ್ (Fn) ಕೀಯ ಲಾಕ್ ನೋಡಿದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿದರೆ ಮೇಲಿನ ಸಾಲು ಬರೀ ಎಫ್1, ಎಫ್2 ಆಗಿಬಿಡುತ್ತದೆ. ಕೆಲವದರಲ್ಲಿ ಯಂತ್ರ ಶುರುವಾಗುವಾಗ ತೆರೆಯುವ ಬಯೋಸ್ ಸೆಟ್ಟಿಂಗ್‌ನಲ್ಲಿ ಬದಲಿಸಬೇಕು. ನಮ್ಮದರಲ್ಲಿ ಅದು ಸರಿಯಾಗೇ ಇತ್ತು.

ಆಮೇಲೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು, ಕೀ ಒತ್ತಿದ್ದನ್ನು ತೋರಿಸುವ ಎಕ್ಸ್‌ಇವಿ (xev) ಓಡಿಸಿದೆ. ಬಿಳಿ ಬಣ್ಣದ ಚಿಕ್ಕ ಕಿಟಕಿಯೊಂದು ಬರುತ್ತದೆ. ಅದರ ಮೇಲೆ ಮೌಸ್ ಇಟ್ಟು ಯಾವ ಕೀ ಒತ್ತಿದರೂ ಟರ್ಮಿನಲ್‌ನಲ್ಲಿ ಅದರ ವಿವರ ಬೀಳುತ್ತದೆ. ಸೌಂಡ್ ಹೆಚ್ಚಿಸುವ ಕೀ ಒತ್ತಿದೆ: ಕೀಕೋಡ್ 123, ಹೆಸರು 'ಆಡಿಯೊ ರೈಸ್ ವಾಲ್ಯೂಮ್'. ಇಳಿಸುವುದಕ್ಕೆ 122, ಮ್ಯೂಟ್‌ಗೆ 121. ಅಂದರೆ ಕೀ ಗಟ್ಟಿಮುಟ್ಟಾಗಿದೆ, ವ್ಯವಸ್ಥೆಯ ತಿರುಳಾದ ಕರ್ನಲ್‌ಗೂ ಗೊತ್ತಾಗುತ್ತಿದೆ.

ಇಲ್ಲೇ ಇನ್ನೊಂದು ಸುಳಿವಿದೆ. ಯಾವುದಾದರೂ ಪ್ರೋಗ್ರಾಂ ಆ ಕೀಯನ್ನು ಹಿಡಿದುಕೊಂಡಿದ್ದರೆ ಎಕ್ಸ್‌ಇವಿಯಲ್ಲಿ ಸಾಮಾನ್ಯವಾಗಿ ಕೀ ಒತ್ತಿದ ಸಾಲು ಬರುವುದಿಲ್ಲ, ಫೋಕಸ್ ಹೋಯಿತು, ಬಂತು ಅಂತಷ್ಟೇ ಬರುತ್ತದೆ. ಹೆಸರು ಇಷ್ಟು ಸ್ಪಷ್ಟವಾಗಿ ಬಂದಿದ್ದೇ ತೊಂದರೆಯ ಗುರುತು. ಕಾಲಿಂಗ್ ಬೆಲ್ ಹೊಡೆಯುತ್ತಿದೆ, ಬಾಗಿಲು ತೆಗೆಯಲು ಒಳಗೆ ಯಾರೂ ಇಲ್ಲ!

ಝುಬುಂಟುವಿನಲ್ಲಿ ಬಾಗಿಲು ತೆಗೆಯುವ ಕೆಲಸ ಪ್ಯಾನೆಲ್‌ನಲ್ಲಿರುವ (ಪರದೆ ಅಂಚಿನ ಐಕಾನ್ ಪಟ್ಟಿ) ಪಲ್ಸ್‌ಆಡಿಯೊ ಪ್ಲಗಿನ್‌ನದು. ಅದೇ ಆ ಪುಟ್ಟ ಸ್ಪೀಕರ್ ಐಕಾನ್. ರಜೆಗೆ ಬಂದಿದ್ದ ಅಕ್ಕನ ಮಗಳು ಪ್ಯಾನೆಲ್ ನೀಟಾಗಿ ಕಾಣಲಿ ಅಂತ ನಾಲ್ಕಾರು ಐಕಾನ್ ಕಿತ್ತುಹಾಕಿದ್ದಳು. ಅದರ ಜೊತೆ ಕೀಗಳ ಕಿವಿಯೂ ಹೋಗಿತ್ತು. ಪ್ಯಾನೆಲ್‌ಗೆ ಮತ್ತೆ ಸೇರಿಸಿ, ಅದರ ಪ್ರಾಪರ್ಟೀಸ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್‌ಗೆ ಟಿಕ್ ಇದೆಯಾ ನೋಡಿದೆ. ಅಷ್ಟೇ, ಚೆಂಡೆ ತಗ್ಗಿತು. ಐಕಾನ್ ತೆಗೆದರೆ ಕೀ ಸಾಯುತ್ತದೆ ಅಂತ ಒಂದು ಎಚ್ಚರಿಕೆ ಕೊಡಬಾರದಿತ್ತಾ? ಈ ವಿನ್ಯಾಸ ನನಗಂತೂ ಸರಿ ಕಾಣಲಿಲ್ಲ.

ಐಕಾನ್ ಬೇಡವೇ ಬೇಡ ಅನ್ನುವವರು ಕೀಬೋರ್ಡ್ ಸೆಟ್ಟಿಂಗ್ಸ್‌ನ ಅಪ್ಲಿಕೇಶನ್ ಶಾರ್ಟ್‌ಕಟ್ಸ್‌ನಲ್ಲಿ ಈ ಕೀಗಳಿಗೆ ಸದ್ದು ಏರಿಳಿಸುವ ಪಿಎಸಿಟಿಎಲ್ (pactl) ಕಮಾಂಡ್ ಕಟ್ಟಬಹುದು. ಅದೂ ಮಾಡಿ ನೋಡಿದೆ, ಇಷ್ಟವಾಗಲಿಲ್ಲ. ಶೇಕಡ 5ರಂತೆ ಏರಿಸುತ್ತಾ ಹೋದರೆ 100ಕ್ಕೆ ನಿಲ್ಲುವುದಿಲ್ಲ, ಸ್ಪೀಕರ್ ಕರಕರ ಅನ್ನುತ್ತದೆ. ಪರದೆ ಮೇಲೆ ಎಷ್ಟಿದೆ ಅಂತಲೂ ತೋರಿಸುವುದಿಲ್ಲ. ಪ್ಲಗಿನ್, ಶಾರ್ಟ್‌ಕಟ್ ಎರಡನ್ನೂ ಒಟ್ಟಿಗೆ ಇಡಬೇಡಿ, ಒಂದೇ ಕೀಗೆ ಇಬ್ಬರು ಜಗಳಕ್ಕೆ ನಿಲ್ಲುತ್ತಾರೆ.

ಈಗಲೂ ಒಂದು ಕಿರಿಕಿರಿ ಉಳಿದಿದೆ. ಎಚ್‌ಡಿಎಂಐನಲ್ಲಿ ಮಾನಿಟರ್ ಸಿಕ್ಕಿಸಿದರೆ ಕೆಲವೊಮ್ಮೆ ಡೀಫಾಲ್ಟ್ ಔಟ್‌ಪುಟ್ ಅತ್ತ ಜಾರುತ್ತದೆ. ಆಗ ಕೀ ಒತ್ತಿದರೆ ಪರದೆಯ ಪಟ್ಟಿ ಏರಿಳಿಯುತ್ತದೆ, ಸ್ಪೀಕರ್ ಸದ್ದು ಇದ್ದಷ್ಟೇ. ಅಪ್ಪನಿಗೆ ಐಕಾನ್ ಒತ್ತಿ ಔಟ್‌ಪುಟ್ ಆರಿಸುವುದನ್ನು ಹೇಳಿಕೊಟ್ಟಿದ್ದೇನೆ. ಝುಬುಂಟು 24.04ಕ್ಕೆ ಬೆಂಬಲ 3 ವರ್ಷ, ಅಂದರೆ 2027ರ ಏಪ್ರಿಲ್‌ವರೆಗೆ. ಆಮೇಲೂ ಈ ಯಂತ್ರಕ್ಕೆ ಝುಬುಂಟುವನ್ನೇ ಹಾಕುತ್ತೇನೆ. ಪ್ಯಾನೆಲ್‌ಗೆ ಮಾತ್ರ ಈಗಲೇ ಲಾಕ್ ಹಾಕಿಟ್ಟಿದ್ದೇನೆ, ದಸರಾ ರಜೆ ಹತ್ತಿರ ಬಂತಲ್ಲ.