ಹಳೇ ಫೋಟೊ ಅಂತ ಇಂಕ್‌ಜೆಟ್ ಪ್ರಿಂಟ್ ಮಾರುತ್ತಿದ್ದಾರೆ, ಹುಷಾರು

ಆನ್‌ಲೈನಿನಲ್ಲಿ ಹಳೇ ಕಾಲದ ವಿಚಿತ್ರ ಫೋಟೊಗಳನ್ನು ಹುಡುಕಿ ಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ತನ್ನದೇ ತಲೆಯನ್ನು ಕೈಯಲ್ಲಿ ಹಿಡಿದು ನಿಂತ ಗಂಡಸಿನ ಕ್ಯಾಬಿನೆಟ್ ಕಾರ್ಡ್ (ದಪ್ಪ ರಟ್ಟಿಗೆ ಅಂಟಿಸಿದ ಹಳೇ ಕಾಲದ ಸ್ಟುಡಿಯೊ ಫೋಟೊ) ಒಂದು 'ಅಪ್ಪಟ ಒರಿಜಿನಲ್' ಎಂದು ಮಾರಾಟಕ್ಕಿತ್ತು. ನೆಗೆಟಿವ್‌ಗಳನ್ನು ಜೋಡಿಸಿ ಇಂಥ ತಮಾಷೆ ಚಿತ್ರ ಮಾಡುವುದು 19ನೇ ಶತಮಾನದ ಸ್ಟುಡಿಯೊಗಳಲ್ಲಿ ನಿಜಕ್ಕೂ ಚಾಲ್ತಿಯಲ್ಲಿತ್ತು. ಹಾಗಾಗಿ ಚಿತ್ರ ನೋಡಿ ಅನುಮಾನಪಡುವಂಥದ್ದೇನೂ ಇರಲಿಲ್ಲ. ಹಿಂಭಾಗದ ಫೋಟೊ ಕಳಿಸಿ ಎಂದರೆ ಮಾರುವವರು 'ಹಿಂದೆ ಖಾಲಿ, ಏನೂ ಇಲ್ಲ' ಎಂದು ಮಾತು ಮುಗಿಸಿದರು. ಸಾಮಾನ್ಯವಾಗಿ ಸ್ಟುಡಿಯೊದ ಹೆಸರು, ವಿಳಾಸ ಇರುವುದು ಅಲ್ಲೇ, ಇಲ್ಲವೇ ಮುಂದಿನ ಕೆಳ ಅಂಚಿನಲ್ಲಿ.

ಪಾರ್ಸೆಲ್ ಬಿಚ್ಚಿದಾಗ ಮೂಲೆಯಲ್ಲಿ ಮಡಿಕೆ ಬಿದ್ದ ಗೆರೆ ಕಾಣುತ್ತಿತ್ತು. ಬೆರಳಾಡಿಸಿದರೆ ಅಲ್ಲಿ ಮಡಿಕೆಯೇ ಇಲ್ಲ, ನುಣ್ಣಗಿದೆ! ಗೆರೆ, ಕಲೆ, ಗೀರು ಎಲ್ಲವೂ ಪ್ರಿಂಟಾಗಿ ಬಂದಿದ್ದವು. ಭೂತಗನ್ನಡಿ ಹಿಡಿದರೆ ಆ ಕಂದು ಬಣ್ಣವೆಲ್ಲ ನೀಲಿ, ಗುಲಾಬಿ, ಹಳದಿ ಚುಕ್ಕಿಗಳು, ಅಂದರೆ ಇಂಕ್‌ಜೆಟ್ ಪ್ರಿಂಟರಿನ ಶಾಯಿ. ಆಗಿನ ಹೆಚ್ಚಿನ ಕಾರ್ಡ್‌ಗಳ ಮೇಲಿರುವುದು ಮೊಟ್ಟೆಯ ಬಿಳಿಭಾಗ ಸವರಿದ ತೆಳು ಕಾಗದದ ಆಲ್ಬುಮೆನ್ ಪ್ರಿಂಟ್. ಅದರಲ್ಲಿ ಚುಕ್ಕಿ ಸಿಗುವುದಿಲ್ಲ, ಕಾಗದದ ನಾರು ಕಾಣುತ್ತದೆ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಕಾರ್ಡು ನೀಲಿಬಿಳಿಯಾಗಿ ಹೊಳೆಯಿತು. ಹಾಗೆ ಹೊಳೆಯುವ ರಾಸಾಯನಿಕವನ್ನು ಕಾಗದಕ್ಕೆ ಸೇರಿಸತೊಡಗಿದ್ದು 20ನೇ ಶತಮಾನದ ಮಧ್ಯಭಾಗದ ಹೊತ್ತಿಗೆ. (ಹೊಳೆಯದಿದ್ದ ಮಾತ್ರಕ್ಕೆ ಹಳೆಯದು ಅಂತಲೂ ಅಲ್ಲ, ಅಂಥ ರಾಸಾಯನಿಕವಿಲ್ಲದ ಕಾಗದ ಇವತ್ತಿಗೂ ಸಿಗುತ್ತದೆ.)

ಆಮೇಲೆ ಆ ಚಿತ್ರವನ್ನೇ ಇಮೇಜ್ ಸರ್ಚ್‌ಗೆ ಹಾಕಿದೆ. ಒಂದು ಸಾರ್ವಜನಿಕ ಗ್ರಂಥಾಲಯದ ಸಂಗ್ರಹದಲ್ಲಿ ಅದು ಉಚಿತ ಡೌನ್‌ಲೋಡ್‌ಗೆ ಇತ್ತು, ಮೂಲೆಯ ಅದೇ ಮಡಿಕೆಯ ಸಮೇತ. ಎಲ್ಲರಿಗೂ ಸಿಗಲಿ ಎಂದು ಅಷ್ಟು ಶ್ರಮಪಟ್ಟು ಸ್ಕ್ಯಾನ್ ಮಾಡಿಟ್ಟಿದ್ದನ್ನು ರಟ್ಟಿಗೆ ಅಂಟಿಸಿ ಮಾರುವುದು ನನಗೆ ಹಣ ಹೋಗಿದ್ದಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಇಂಥ ನಕಲು ನಾಲ್ಕು ಕೈ ದಾಟಿದರೆ ಸುಳ್ಳು ಊರು, ಸುಳ್ಳು ಇಸವಿ ಅಂಟಿಕೊಂಡು ಅದೇ ಚರಿತ್ರೆಯಾಗಿಬಿಡುತ್ತದೆ.

ಕೇಳಿದ್ದಕ್ಕೆ 'ಒರಿಜಿನಲ್ ಚಿತ್ರದ ಪ್ರಿಂಟ್ ಎಂಬ ಅರ್ಥದಲ್ಲಿ ಹೇಳಿದ್ದು' ಎಂಬ ಉತ್ತರ ಬಂತು. ಬೆನ್ನಿಗೇ ಆ ಖಾತೆಯೂ ಮಾಯ.

ದುಡ್ಡು ಕೊಡುವ ಮೊದಲು ಮೂರು ಫೋಟೊ ಕೇಳಿ: ಹಿಂಭಾಗದ್ದು, ರಟ್ಟಿನ ದಪ್ಪ ಕಾಣುವ ಅಂಚಿನದು, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆದದ್ದು. ನಿಜವಾದ ಮಡಿಕೆಯಾದರೆ ಓರೆ ಬೆಳಕಿಗೆ ನೆರಳು ಬೀಳಲೇಬೇಕು. ಕಳಿಸಲು ಸತಾಯಿಸುವವರ ಹತ್ತಿರ ಕೊಳ್ಳಬೇಡಿ, ಚಿತ್ರ ಎಷ್ಟೇ ಚೆಂದವಿರಲಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಮಾರಾಟದ ಪುಟದ ಸ್ಕ್ರೀನ್‌ಶಾಟನ್ನು ಮೊದಲು ತೆಗೆದಿಟ್ಟುಕೊಳ್ಳಿ, ಅವರು ಅಳಿಸುವುದು ಅದನ್ನೇ. ಚುಕ್ಕಿಗಳ ಕ್ಲೋಸಪ್ಪನ್ನೂ ಗ್ರಂಥಾಲಯದ ಚಿತ್ರವನ್ನೂ ಅದರ ಜೊತೆಗಿಟ್ಟು, ವಾಪಸಾತಿಯ ಗಡುವು ಮುಗಿಯುವುದರೊಳಗೆ ಪಾವತಿ ಸಂಸ್ಥೆಗೆ ದೂರು ಕೊಡಿ. ನನ್ನ ಹಣ ಮರಳಿ ಬಂದಿದ್ದು ಹಾಗೆಯೇ.